ಒತ್ತಕ್ಷರಕ್ಕೆ ಬಿಟ್ಟ ಜಾಗ

ಗೋಡೆ ಹನ್ನೊಂದು ಅಡಿ. ಅರ್ಧ ನೀರಿನ ಟ್ಯಾಂಕಿನ ಪಾಲು.
ಉಳಿದದ್ದರಲ್ಲಿ ಒಂಬತ್ತು ನಿಯಮ ಹಿಡಿಸಬೇಕು ಎಂದರು
ನೀಲಸಂದ್ರದ ಮಾರ್ನಿಂಗ್ ಬಾಯ್ಸ್ ಕ್ಲಬ್ಬಿನ ಅರೋಕ್ಯದಾಸ್ ಮೇಷ್ಟ್ರು.
ಈಗ ಹುಡುಗಿಯರೂ ಆಡುತ್ತಾರೆ; ಬೋರ್ಡಿಗೆ ಬಣ್ಣ ಹೊಡೆಸಲು
ದುಡ್ಡಿಲ್ಲದೆ ಹೆಸರು ಹಾಗೇ ಉಳಿದಿದೆ.
ಕೂಲಿ ಬೇಡ ಎಂದೆ. ಯಾಮಿನಿಯ ಮೂರು ತಿಂಗಳ ಫೀಸಿಗೆ
ವಜಾ ಮಾಡಿಕೊಳ್ಳಿ.

ದಾರಕ್ಕೆ ನೀಲಿಪುಡಿ ಸವರಿ ಗೆರೆ ಹೊಡೆದೆ.
ಇಂಗ್ಲಿಷಾದರೆ ಸುಲಭ, ಹೋಂಗಾರ್ಡುಗಳ ಹಾಗೆ ನಿಂತುಬಿಡುತ್ತದೆ.
ಕನ್ನಡಕ್ಕೆ ಕಾಲ ಬುಡದಲ್ಲೂ ಜಾಗ ಬಿಡಬೇಕು,
ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ
ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ.
ಅದೂ ಫೌಲೇ ಮೇಷ್ಟ್ರೇ, ಎಂದೆ. ನಕ್ಕರು.

ಬರೆದೆ.
ಹೊತ್ತಿಗೆ ಸರಿಯಾಗಿ ಬಾ.
ನಿನ್ನ ಬೂಟು ನೀನೇ ತೊಳಿ, ಅಮ್ಮನ ಬಕೆಟ್ಟಿಗೆ ಹಾಕಬೇಡ.
ಬಿದ್ದವರನ್ನು ಎತ್ತು, ಅಂಗಿ ಯಾವ ಬಣ್ಣದ್ದಾದರೂ.
ಜಾತಿ, ಮೈಬಣ್ಣ, ಮನೆಭಾಷೆ ಎತ್ತಿ ಆಡಿದರೆ ಅಂದೇ ಮನೆಗೆ.
ಗೆದ್ದರೆ ಕುಣಿ, ಸೋತವರ ಮುಂದೆ ಬೇಡ.
ಸೀಟಿ ಊದಿದ ಮೇಲೆ ಮಾತಿಲ್ಲ.
ಏಳು, ಎಂಟು ನೀರಿನ ಬಾಟಲಿ, ಕಿತ್ತಳೆ ಸಿಪ್ಪೆಯ ವಿಷಯ.
ಒಂಬತ್ತಕ್ಕೆ ಬಂದಾಗ ಮೇಷ್ಟ್ರು ಗಡ್ಡ ಕೆರೆದುಕೊಂಡರು.
ಅಂಕಿ ಮಾತ್ರ ಹಾಕಿಡು, ನೋಡೋಣ.

ಅಂದೇ ಮಧ್ಯಾಹ್ನ ಮರ್ಫಿ ಟೌನಿನವರ ಜೊತೆ ಪಂದ್ಯ.
ಕೆಂಪು ಧೂಳು, ಆಚೆ ರಸ್ತೆಯಲ್ಲಿ ಬಸ್ಸುಗಳ ಹಾರ್ನು,
ಒಂದು-ಒಂದು, ಇನ್ನು ನಾಲ್ಕು ನಿಮಿಷ.
ರೆಫರಿ ತೌಸೀಫನಿಗೆ ಹತ್ತೊಂಬತ್ತು;
ಮನೆಮನೆಗೆ ಊಟ ಮುಟ್ಟಿಸುವ ಚೀಲವನ್ನು ಬೈಕಿನ ಮೇಲೇ ಬಿಟ್ಟು
ಸೀಟಿ ಕೊರಳಿಗೆ ಹಾಕಿಕೊಂಡು ಬಂದವನು.
ಚೆಂಡು ಪುಟಿದು ಯಾಮಿನಿಯ ಮೊಳಕೈ ಹತ್ತಿರ ಹೋಯಿತು.
ಊದಿದ. ಪೆನಾಲ್ಟಿ.

ಆಗ ಜಾಲರಿ ಹಿಡಿದು ಕೂಗಿದವನು ನಾನು.
ಆರನೆಯ ನಿಯಮದ ಹಸಿರು ಬಣ್ಣ ಇನ್ನೂ ನನ್ನ ಉಗುರಲ್ಲಿತ್ತು.
ಏನೆಂದೆನೋ ಅದನ್ನು ಇಲ್ಲಿ ಬರೆಯಲಾರೆ;
ಆ ಮಾತಿನಲ್ಲಿ ಅವನ ತಾಯಿ ಬಂದಳು,
ಹೊಟ್ಟೆಪಾಡಿನ ಚೀಲ ಬಂತು,
ಅವನ ಹೆಸರನ್ನೂ ಬಿಡಲಿಲ್ಲ.
ಪಕ್ಕದ ಇಬ್ಬರು ಅಪ್ಪಂದಿರು ದನಿ ಸೇರಿಸಿದರು,
ನಾನು ದಾರಿ ತೋರಿಸಿದ ಮೇಲೆ ಅವರಿಗೇನು.

ಯಾಮಿನಿ ಕೈ ಎತ್ತಿದಳು.
ತಗುಲಿತು ಸರ್, ಎಂದಳು ಅವನಿಗೆ.
ನನ್ನ ಕಡೆ ತಿರುಗಲಿಲ್ಲ.

ಸೋತೆವು. ಮಕ್ಕಳು ಸಾಲಾಗಿ ನಿಂತು ಕೈ ಕುಲುಕಿದರು,
ಕಡೆಗೆ ರೆಫರಿಯ ಕೈಯನ್ನೂ.
ಜಾಲರಿಯ ಈಚೆ ನಿಂತವರಿಗೆ ಯಾವ ಸಾಲೂ ಇರಲಿಲ್ಲ.

ಮೇಷ್ಟ್ರು ಬೈದಿದ್ದರೆ ಚೆನ್ನಾಗಿತ್ತು.
ಏಣಿ ತಂದು ಗೋಡೆಗೆ ಒರಗಿಸಿ
ಬ್ರಷ್ಷನ್ನು ಟರ್ಪೆಂಟೈನಿನಿಂದ ತೆಗೆದು ಒರೆಸಿ ಕೊಟ್ಟರು.
ಒಂಬತ್ತು ಸಿಕ್ಕಿತು, ಎಂದರು, ಬರಿ:
ಮೇಲಿನದ್ದೆಲ್ಲ ಜಾಲರಿಯಾಚೆಯವರಿಗೂ.

ಆ ಸಾಲಿನ ಕೆಳಗೆ ಇನ್ನೊಂದು ಸಾಲಿಲ್ಲ,
ತುಳಿಯಲು ಯಾರ ತಲೆಕಟ್ಟೂ ಇಲ್ಲ.
ಆದರೂ ಜಾಗ ಬಿಟ್ಟೇ ಬರೆದೆ.
ಇಳಿದು ನೋಡುವಷ್ಟರಲ್ಲಿ ತೌಸೀಫನ ಮೊಬೈಲು ಗುಂಯ್ಗುಟ್ಟಿ
ಯಾರದೋ ಬಿರಿಯಾನಿಯ ಹಿಂದೆ ಅವನು ಹೊರಟುಹೋಗಿದ್ದ.
ಅವನಿಗೆ ಹೇಳಬೇಕಾದ್ದು ಇನ್ನೂ ನನ್ನಲ್ಲೇ ಇದೆ.
ಮುಂದಿನ ಭಾನುವಾರ ಅವನಿಗೆ ಬೇರೆ ಮೈದಾನವಂತೆ.

ನಲ್ಲಿಯ ಹತ್ತಿರ ಬೂಟು ತೊಳೆದು, ಲೇಸು ಗಂಟು ಹಾಕಿ
ಹ್ಯಾಂಡಲಿಗೆ ನೇತುಹಾಕಿ, ಹಿಂದೆ ಕೂತಳು.
ಹೊಸೂರು ರಸ್ತೆಯ ಸಿಗ್ನಲಿನವರೆಗೂ ಮಾತಿಲ್ಲ.
ಕೆಂಪು ದೀಪ ಬಿತ್ತು. ಬೂಟಿನಿಂದ ನೀರು
ನನ್ನ ಮಂಡಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅಪ್ಪಾ, ಎಂದಳು,
ಒಂಬತ್ತರಲ್ಲಿ ಲ ಒತ್ತು ಸೊಟ್ಟಗಿದೆ.